ಮಾತಾಡೋ ಗುಡ್ಡೆ

ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದುತ್ತಿರುವ ಅಕ್ಕನ ಮೊಮ್ಮಗ ಮೊನ್ನೆ ಕೇಳಿದ: "ತಾತಾ, ಸ್ಕ್ಯಾನರ್ ಇಲ್ಲದ ಕಾಲದಾಗ ಯಾವ ಸಾಮಾನು ಹೋಗೈತಿ, ಯಾವುದು ಇನ್ನೂ ನಡೀತೈತಿ ಅಂತ ಹೆಂಗ ಗೊತ್ತಾಗ್ತಿತ್ತು?"

ಗೊತ್ತಾಗುತ್ತಿತ್ತು. ಆದರೆ ಗೊತ್ತಾಗುವುದೇ ಒಂದು ಕೆಲಸ, ಗೊತ್ತಾದ ಮೇಲೆ ತೀರ್ಮಾನಿಸುವುದು ಇನ್ನೊಂದು ಕೆಲಸ. ಎರಡನೆಯದನ್ನು ನಾನು ಕಂಡದ್ದು ನಮ್ಮ ಲಾರಿಯ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದ ಮೇಸ್ತ್ರಿ, ಉಸ್ತಾದರ ಶೆಡ್ಡಿನಲ್ಲಿ.

ಹೊಸಪೇಟೆಯಲ್ಲಿ ನಮ್ಮಪ್ಪನಿಗೆ ಇದ್ದದ್ದು ಒಂದೇ ಲಾರಿ, ಟಾಟಾ 1210. ಸಂಡೂರು ಕಡೆಯ ಅದಿರು ಹೊರುತ್ತಿತ್ತು. ಆ ಕೆಂಧೂಳೇ ಎಂಜಿನ್ನಿನ ಮೊದಲ ವೈರಿ. ಏರ್ ಕ್ಲೀನರಿನ ಎಣ್ಣೆ ಬದಲಿಸುವುದನ್ನು ಡ್ರೈವರ್ ಮರೆತರೆ ಧೂಳು ಒಳಗಿಳಿದು ಲೈನರು, ರಿಂಗುಗಳನ್ನು ಸವೆಸುತ್ತಿತ್ತು. ಸೈಲೆನ್ಸರಿನಲ್ಲಿ ನೀಲಿ ಹೊಗೆ, ಬ್ರೀದರ್ ಪೈಪಿನಲ್ಲಿ ದಮ್ಮು, ಆಮೇಲೆ ಡೀಸೆಲ್ಲಿನ ಜೊತೆ ಆಯಿಲ್ ಲೆಕ್ಕವನ್ನೂ ಬರೆಯುವ ಸ್ಥಿತಿ. ಅಷ್ಟಾದ ಮೇಲೆ ಅಪ್ಪ ಶೆಡ್ಡಿನ ದಾರಿ ಹಿಡಿಯುತ್ತಿದ್ದರು.

ಆ ಶೆಡ್ಡಿನ ವಾಸನೆ ಈಗಲೂ ಮೂಗಿನಲ್ಲಿದೆ. ತಗಡಿನ ಟ್ರೇಯಲ್ಲಿ ಸಾಮಾನು ತೊಳೆದ ಡೀಸೆಲ್ಲು, ಗ್ಯಾಸ್ಕೆಟ್ಟಿಗೆ ಹಚ್ಚುವ ಶೆಲ್ಯಾಕು, ಮೂಲೆಯ ಒಲೆಯ ಮೇಲೆ ಡಬ್ಬಿಯಲ್ಲಿ ಕಾಯುವ ಆಯಿಲು. ಆ ಬಿಸಿ ಆಯಿಲಿನಲ್ಲಿ ಹೊಸ ಪಿಸ್ಟನ್ ಅದ್ದಿ ಹಿಗ್ಗಿಸಿ, ಪಿನ್ನನ್ನು ಹೆಬ್ಬೆರಳಲ್ಲೇ ಒತ್ತಿ ಕೂರಿಸುತ್ತಿದ್ದರು. ಸುತ್ತಿಗೆ ಎತ್ತಿದ ಹುಡುಗನಿಗೆ ಬೈಗುಳ ಖಾತ್ರಿ.

ತೊಳೆದ ಸಾಮಾನನ್ನೆಲ್ಲ ಗೋಣಿತಾಟಿನ ಮೇಲೆ ಹರವಿ ಉಸ್ತಾದರು ಮೂರು ಗುಡ್ಡೆ ಮಾಡುತ್ತಿದ್ದರು. ಹೋಗೋದು, ಇರೋದು, ಮಾತಾಡೋದು. ಮೊದಲ ಎರಡಕ್ಕೆ ಅಪ್ಪನ ಅಪ್ಪಣೆ ಬೇಕಿರಲಿಲ್ಲ. ಲೈನರಿನ ಒಳಗೆ ಬೆರಳಿಳಿಸಿ, ಮೇಲಿನ ರಿಂಗು ತಿರುಗಿ ಇಳಿಯುವ ಜಾಗದಲ್ಲಿ ಸವೆತದ ಮೆಟ್ಟಿಲಿಗೆ ಉಗುರು ಎಡವುತ್ತದೆಯೋ ಎಂದು ನೋಡುತ್ತಿದ್ದರು. ಕಾವೂ ಒತ್ತಡವೂ ಅಲ್ಲೇ ಹೆಚ್ಚು, ಆಯಿಲು ಅಲ್ಲೇ ಕಡಿಮೆ, ಸವೆತವೂ ಅಲ್ಲೇ ಜಾಸ್ತಿ. ಬೋರ್ ಗೇಜು ಪೆಟ್ಟಿಗೆಯಲ್ಲಿತ್ತು, ಹಚ್ಚಿ ನೋಡುತ್ತಿದ್ದರು ಕೂಡ, ಆದರೆ ಉಗುರಿನ ಮಾತಿಗೆ ಸಾಕ್ಷಿಯಾಗಿ ಮಾತ್ರ. ಬೇರಿಂಗಿನ ಬೂದು ಪದರ ಹೋಗಿ ಕೆಳಗಿನ ತಾಮ್ರ ಕಂಡರೆ ಅದು ಹೋಗೋ ಗುಡ್ಡೆಗೆ. ಹೆಡ್ಡನ್ನು ಮಗ್ಗುಲಿಗೆ ಮಲಗಿಸಿ ಪೋರ್ಟಿಗೆ ಸೀಮೆಎಣ್ಣೆ ಹೊಯ್ದು, ವಾಲ್ವಿನ ಅಂಚಿನಲ್ಲಿ ಜಿನುಗುತ್ತದೆಯೋ ಎಂದು ಬೀಡಿ ಮುಗಿಯುವ ತನಕ ಕಾಯುತ್ತಿದ್ದರು. ಕ್ರ್ಯಾಂಕಿನ ಜರ್ನಲ್ ಮೇಲೆ ಹಳೇ ತಾಮ್ರದ ಕಾಸು ಎಳೆಯುವುದೂ ಇತ್ತು. ಕಾಸಿನ ಬಣ್ಣ ಉಕ್ಕಿಗೆ ಅಂಟಿತೆಂದರೆ ಮೈ ಒರಟಾಗಿದೆ ಎಂದೇ ಅರ್ಥ.

ಜಗಳವೆಲ್ಲ ಮೂರನೇ ಗುಡ್ಡೆಯ ಸುತ್ತ. ಒಂದು ಸಲದ್ದು ಚೆನ್ನಾಗಿ ನೆನಪಿದೆ. ಅಕ್ಕನ ಮದುವೆಯ ಸಾಲ ತೀರಿರಲಿಲ್ಲ. ಬರೀ ರಿಂಗು ಹಾಕಿ ಮುಗಿಸಿ, ಲೈನರು ಮುಂದಿನ ವರ್ಷ ನೋಡೋಣ ಎಂದರು ಅಪ್ಪ.

"ಸಾವ್ಕಾರ್ರೇ, ಸವೆದ ಲೈನರಿಗೆ ಹೊಸಾ ರಿಂಗ್ ಹಾಕಿದ್ರ ಮ್ಯಾಲಿನ ಮೆಟ್ಟಿಲಿಗೆ ಬಡದು ಮುರೀತೈತಿ. ರಿಂಗಿನ ರೊಕ್ಕಾನೂ ಹೋತು, ಪಿಸ್ಟನ್ನೂ ಹೋತು."

"ಹಂಗಾದ್ರ ಕ್ರ್ಯಾಂಕ್ ಗ್ರೈಂಡಿಂಗ್ ಬಿಡ್ರಿ."

ಉಸ್ತಾದರು ಒಪ್ಪಿದರು. ಕ್ರ್ಯಾಂಕನ್ನು ಕಾಲು ಮಿಲಿಮೀಟರಿನಂತೆ ಸಾಮಾನ್ಯವಾಗಿ ನಾಲ್ಕೇ ಸಲ ಸಾಣೆ ಹಿಡಿಯಬಹುದು. ಒಂದು ಸಾಣೆ ಉಳಿಸಿದರೆ ಅದರ ಆಯಸ್ಸೇ ಉಳಿದಂತೆ. ಮೈಕ್ರೋಮೀಟರ್ ಹಚ್ಚಿ, ಪಾಲಿಶ್ ಸಾಕು ಎಂದರು. ವಾಟರ್ ಪಂಪ್, ಡೈನಮೋ ಎರಡನ್ನೂ ತಾವೇ ಪಕ್ಕಕ್ಕೆ ಸರಿಸಿದರು: "ಇವು ಹೊರಗ ಅದಾವು. ಕೆಟ್ಟಾಗ ರಸ್ತ್ಯಾಗೂ ಬದಲಿ ಮಾಡಬೌದು." ಕೈಗೆತ್ತಿಕೊಂಡದ್ದು ಸಂಪಿನೊಳಗಿನ ಆಯಿಲ್ ಪಂಪನ್ನು. ಅಷ್ಟೇನೂ ಸವೆದಿರಲಿಲ್ಲ. ಆದರೂ ಬದಲಿಸಲೇಬೇಕು ಎಂದರು, ಅದು ಕೆಟ್ಟರೆ ಹಾಕಿದ್ದೆಲ್ಲ ಹಾಳು. ಕನೆಕ್ಟಿಂಗ್ ರಾಡಿನ ಬೋಲ್ಟುಗಳ ಬಗ್ಗೆ ಮಾತೇ ಇಲ್ಲ, ಹೊಸವೇ ಬೇಕು. ಅಪ್ಪ ತಲೆ ಕೆರೆದುಕೊಂಡಾಗ, "ಮಜೂರಿ ಎರಡು ಕಂತಿನಾಗ ಕೊಡ್ರಿ, ಬೋಲ್ಟ್ ಮಾತ್ರ ಹಳೇವು ಹಾಕಂಗಿಲ್ಲ" ಎಂದುಬಿಟ್ಟರು.

ಸವೆತ ಎಷ್ಟು ಎಂಬುದಷ್ಟೇ ಅಲ್ಲ, ಆ ಸಾಮಾನು ಎಲ್ಲಿ ಕೂತಿದೆ, ಅದು ಕೆಟ್ಟರೆ ಇನ್ನೇನನ್ನು ಕೆಡಿಸುತ್ತದೆ, ಮಾಲೀಕನ ಹತ್ತಿರ ಎಷ್ಟಿದೆ, ಲಾರಿ ಯಾವ ದಾರಿಯಲ್ಲಿ ಓಡುತ್ತದೆ, ಇಷ್ಟನ್ನೂ ಒಟ್ಟಿಗೆ ತೂಗುವ ತಲೆ ಅದು.

ತಪ್ಪಲಿಲ್ಲವೆಂದಲ್ಲ. ಅವರು ಪಾಸು ಮಾಡಿದ ಬೇರಿಂಗೊಂದು ಅರಬೈಲ್ ಘಟ್ಟದಲ್ಲಿ ಬಡಿಯತೊಡಗಿ ಬೇರೆಯವರ ಲಾರಿ ಮಳೆಯಲ್ಲಿ ನಿಂತದ್ದುಂಟು. ಡೂಪ್ಲಿಕೇಟ್ ಸಾಮಾನಿನ ಹಾವಳಿ ಆಗಲೂ ಇತ್ತು. ಟ್ರೇಯ ಮುಂದೆ ಕೂತವರು ಶಾಲೆ ಬಿಟ್ಟ ಹುಡುಗರು. ಡೀಸೆಲ್ಲಿನಲ್ಲಿ ಕೈ ಬಿರಿದು ರಾತ್ರಿ ಅನ್ನ ಕಲಸಲೂ ಆಗದೆ ಅಳುತ್ತಿದ್ದರು. ಆ ಕಾಲವನ್ನು ಚಿನ್ನ ಎನ್ನಲಾರೆ.

ಆದರೆ ಮೂರನೇ ಗುಡ್ಡೆಯನ್ನು ಅಳಿಸಿದ್ದು ಕಂಪ್ಯೂಟರ್ ಎಂದು ಹುಡುಗರು ತಿಳಿದಿದ್ದಾರೆ. ಅದು ಸುಳ್ಳು. ಅಳಿಸಿದ್ದು ರೊಕ್ಕ. 2003ರ ನಂತರ ಚೀನಾಕ್ಕೆ ಅದಿರು ಹೊರಟಿತು. ಊರೆಲ್ಲ ಸಾಲದ ಲಾರಿ, ಮಿತಿ ಮೀರಿದ ಲೋಡು. ಒಂದು ದಿನ ನಿಂತರೆ ಕಂತು ತಪ್ಪುವ ಮಾಲೀಕನಿಗೆ ಗುಡ್ಡೆಯ ಮುಂದೆ ಕೂರಲು ಪುರುಸೊತ್ತೆಲ್ಲಿ? "ಎಲ್ಲಾ ಹೊಸದು ಹಾಕಿ ನಾಳೆ ಬೆಳಿಗ್ಗೆ ಕೊಡ್ರಿ" ಎಂದರು. ನಡೆಯುವ ಸಾಮಾನೂ ಗುಜರಿಗೆ ಹೋಯಿತು. ಉಸ್ತಾದರು ಉಳಿಸಿದ ಸಾಮಾನು ಯಾರಿಗೂ ಬೇಡವಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಅದೇ ಲಾರಿಗಳು ಸಾಲಾಗಿ ನಿಂತವು. ಅಷ್ಟರಲ್ಲಿ ಉಸ್ತಾದರು ಶೆಡ್ಡಿಗೆ ಬೀಗ ಹಾಕಿಯಾಗಿತ್ತು.

ಈಗಿನ ಎಂಜಿನ್ ಬೇರೆಯೇ, ನಿಜ. ಹಳೇ ನಾಜಲ್ ಸುಮಾರು 200 ಕೆಜಿ ಒತ್ತಡಕ್ಕೆ ತೆರೆಯುತ್ತಿತ್ತು, ಕಾಮನ್ ರೈಲಿನಲ್ಲಿ ಒತ್ತಡ ಸಾವಿರ ದಾಟುತ್ತದೆ. ಧೂಳಿನ ಶೆಡ್ಡಿನಲ್ಲಿ ಅದನ್ನು ಬಿಚ್ಚುವಂತಿಲ್ಲ. 2020ರ ಬಿಎಸ್ 6 ಲಾರಿಗೆ ಸ್ಕ್ಯಾನರ್ ಬೇಕೇ ಬೇಕು. ಆದರೆ ಸ್ಕ್ಯಾನರಿಗೆ ಲೈನರಿನ ಮೆಟ್ಟಿಲು ಕಾಣದು, ಬೇರಿಂಗಿನ ತಾಮ್ರವೂ ಕಾಣದು. ಅದನ್ನು ನೋಡಬೇಕಾದವರು ನೋಡದೆ ಪೂರ್ತಿ ಕಿಟ್ಟಿಗೆ ಬಿಲ್ ಬರೆಯುತ್ತಿದ್ದಾರೆ. ಇದು ದುಂದು. ಒಂದೇ ಲಾರಿಯ ಮಾಲೀಕನ ಪಾಲಿಗೆ ಲೂಟಿ.

ಲಾರಿ ಮಾಲೀಕರೇ, ಎಂಜಿನ್ ಬಿಚ್ಚಿದ ದಿನ ಗ್ಯಾರೇಜಿಗೆ ನೀವೇ ಹೋಗಿ. ತೆಗೆದ ಸಾಮಾನನ್ನು ತೊಳೆಸಿ ಮುಂದೆ ಇಡಿಸಿಕೊಳ್ಳಿ. ಒಂದೊಂದನ್ನೂ ತೋರಿಸಿ, ಇದು ಯಾಕೆ ಹೋಗಬೇಕು ಎಂದು ಕೇಳಿ. ಉತ್ತರ ಹೇಳಬಲ್ಲವನ ಕೈಗೆ ಮಾತ್ರ ಲಾರಿ ಕೊಡಿ.