ಎಕ್ಸೆಲ್ ಏರಿ ಐದು ತಾಲ್ಲೂಕು

ಗುಡ್ಡ ಸುತ್ತಬೇಕಾದರೆ ಬುಲೆಟ್ಟೇ ಬೇಕು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನನ್ನದು ಟಿವಿಎಸ್ ಎಕ್ಸೆಲ್. 99.7 ಸಿಸಿ ಎಂಜಿನ್ನು, 4 ಲೀಟರ್ ಹಿಡಿಯುವ ಟ್ಯಾಂಕು, ಗೇರಿನ ಗೊಡವೆಯೇ ಇಲ್ಲ. ನಮ್ಮ ಸೀಮೆಯಲ್ಲಿ ಅದು ಮನೆಯ ಆಳಿದ್ದಂತೆ. ಹಾಲಿನ ಕ್ಯಾನು, ಶೇಂಗಾ ಚೀಲ, ಮೇವಿನ ಹೊರೆ, ಮುಂದಿನ ಜಾಗದಲ್ಲಿ ಕಾಲು ಮಡಚಿ ಕೂತ ಕುರಿಮರಿ, ಎಲ್ಲವನ್ನೂ ಹೊರುತ್ತದೆ. ಕೂಡ್ಲಿಗಿಯಿಂದ ಹಡಗಲಿವರೆಗೆ ಯಾವ ಹೊಲದ ಬದುವಿನ ಕಡೆ ಕಣ್ಣು ಹಾಯಿಸಿದರೂ ಒಂದು ಎಕ್ಸೆಲ್ ನಿಂತಿರುತ್ತದೆ. ಹಾಗಾಗಿ ಅದರ ಸದ್ದಿಗೆ ನಾಯಿ ಕೂಡ ತಲೆ ಎತ್ತುವುದಿಲ್ಲ. ಒಬ್ಬಂಟಿಯಾಗಿ ಹಳ್ಳಿದಾರಿ ಹಿಡಿಯುವವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ನಮ್ಮ ಗುಡ್ಡಗಳನ್ನು ಮಲೆನಾಡಿನವರು ಬೆಟ್ಟವೆಂದು ಒಪ್ಪಲಿಕ್ಕಿಲ್ಲ. ಹೆದ್ದಾರಿ 50ರಲ್ಲಿ ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಓಡುವವರಿಗೂ ಅವು ಕಾರಿನ ಕಿಟಕಿಯಾಚೆ ಸರಿದುಹೋಗುವ ಬಂಡೆಯ ರಾಶಿಗಳಷ್ಟೆ. ಆದರೆ ಹೆದ್ದಾರಿ ಬಿಟ್ಟು ಗುಡೇಕೋಟೆಯ ಕಡೆ ತಿರುಗಿ ನೋಡಿ. ಒಂದು ಬಂಡೆಯ ಮೇಲೆ ಇನ್ನೊಂದು ಕೂತು, ಅದರ ಮೇಲೆ ಪಾಳೇಗಾರರ ಕಾಲದ ಕೋಟೆಗೋಡೆ ಹತ್ತಿ, ಸಂದಿಗಳಲ್ಲಿ ಸೀತಾಫಲದ ಗಿಡ ಬೆಳೆದಿರುತ್ತದೆ. ಒನಕೆ ಓಬವ್ವನ ತವರು ಇದೇ ಊರು ಅಂತ ಇಲ್ಲಿಯ ಜನ ಎದೆತಟ್ಟಿ ಹೇಳುತ್ತಾರೆ. 2013ರಲ್ಲಿ ಈ ಗುಡ್ಡಗಳು ಕರಡಿಧಾಮವಾದವು. ಕತ್ತಲಾಗುವ ಮುಂಚೆ ವಾಪಸ್ ಹೊರಡಬೇಕು ಅನ್ನುವ ಶಿಸ್ತನ್ನು ನನಗೆ ಕಲಿಸಿದ್ದು ಕರಡಿ. ಅದನ್ನು ಕಣ್ಣಾರೆ ಕಂಡೇ ಕಲಿಯಬೇಕೆಂದೇನಿಲ್ಲ, ದಾರಿ ಬದಿಯಲ್ಲಿ ಅದು ಬಗೆದು ಹೋದ ಗೆದ್ದಲಿನ ಹುತ್ತ ಕಂಡರೆ ಸಾಕು.

ಈ ಸುತ್ತಾಟದ ನಿಜವಾದ ವಿದ್ಯೆ ಇರುವುದು ಮಣ್ಣನ್ನು ಓದುವುದರಲ್ಲಿ. ಕೂಡ್ಲಿಗಿ ಕಡೆಯದು ಹೆಚ್ಚಾಗಿ ಕೆಂಪು ಮಸಾರಿ. ಮಳೆ ಬಿದ್ದ ಮರುಗಳಿಗೆಯೇ ನೀರು ಕುಡಿದು ಗಟ್ಟಿಯಾಗುತ್ತದೆ, ಆರಾಮಾಗಿ ಹೋಗಬಹುದು. ಹಡಗಲಿ ಕಡೆ ಹೊಳೆ ಹತ್ತಿರವಾದಂತೆ ಎರೆ ಭೂಮಿ ಶುರು. ಅಲ್ಲಿ ನಾಲ್ಕು ಹನಿ ಬಿದ್ದರೂ ಕತೆ ಮುಗಿಯಿತು. ಎರೆಮಣ್ಣು ಗಾಲಿಗೆ ಮೆತ್ತಿಕೊಂಡು, ಮಡ್‌ಗಾರ್ಡಿನ ಒಳಗೆ ಗಿಡಿದು, ಗಾಲಿಯನ್ನೇ ಹಿಡಿದುಬಿಡುತ್ತದೆ. ಎಂಜಿನ್ನು ಕಿರುಚುತ್ತದೆ, ಗಾಡಿ ಮಾತ್ರ ನಿಂತಲ್ಲೇ. ಆಗ ಕಡ್ಡಿಯಿಂದ ಕೆರೆಯಬೇಕು, ಹತ್ತು ಮಾರು ಹೋಗಬೇಕು, ಮತ್ತೆ ಕೆರೆಯಬೇಕು. ಕಡ್ಡಿಗೇನೂ ಬರವಿಲ್ಲ, ಸುತ್ತಲೂ ಬಳ್ಳಾರಿ ಜಾಲಿ. ಜಾಲಿ ಅಂದಮೇಲೆ ಮುಳ್ಳೂ ಉಂಟು. ಟೈರಿಗೆ ಮುಳ್ಳು ಹೊಕ್ಕರೆ ತಟ್ಟನೆ ಕೀಳಬಾರದು. ತೂತಿಗೆ ಮುಳ್ಳೇ ಬಿರಡೆ. ಗಾಳಿ ಉಳಿದಷ್ಟು ದೂರ ಹಾಗೇ ಓಡಿಸಿ ಪಂಕ್ಚರ್ ಅಂಗಡಿ ಮುಟ್ಟಬೇಕು.

ಸುಗ್ಗಿಯಲ್ಲಿ ಡಾಂಬರು ರಸ್ತೆಯನ್ನೂ ನಂಬುವಂತಿಲ್ಲ. ರಸ್ತೆಯೇ ಕಣವಾಗಿರುತ್ತದೆ. ನವಣೆ, ಹುರುಳಿಯನ್ನು ಉದ್ದಕ್ಕೂ ಹರವಿ, ಬಂದುಹೋಗುವ ಬಸ್ಸು ಲಾರಿಗಳಿಂದ ಪುಗಸಟ್ಟೆ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಹುಲ್ಲಿನಡಿ ಉದುರಿದ ಹುರುಳಿ ಕಾಳಿನ ಮೇಲೆ ಸಣ್ಣ ಗಾಲಿ ಹತ್ತಿತೋ, ಬ್ರೇಕು ಹಿಡಿದವನು ಅಲ್ಲೇ ಮಲಗಬೇಕು. ಬ್ರೇಕು ಮುಟ್ಟದೆ, ಎರಡೂ ಕಾಲು ಇಳಿಬಿಟ್ಟು, ನಡಿಗೆಯ ವೇಗದಲ್ಲಿ ದಾಟುವುದೇ ದಾರಿ. ಅಂಚಿನಲ್ಲಿ ಕೂತ ಹೆಂಗಸರು ನನ್ನ ಕಾಲು ನೋಡಿ ನಗುತ್ತಾರೆ. ನಗಲಿ. ಆ ವೇಗದಲ್ಲೇ ಅಲ್ಲವೇ ಮಾತಾಡಿಸಲು ಸಾಧ್ಯ?

ಈ ಮಾತಿನಲ್ಲಿ ಒಂದೇ ತೊಡಕು. ಕೆಲಸವಿಲ್ಲದೆ ಒಬ್ಬ ಮನುಷ್ಯ ಊರಿಗೆ ಬರಬಹುದು ಅನ್ನುವುದನ್ನು ಇಲ್ಲಿ ಯಾರೂ ನಂಬುವುದಿಲ್ಲ. ಹಟ್ಟಿಯ ಬೇವಿನ ಕಟ್ಟೆಯ ಮೇಲಿಂದ ಪ್ರಶ್ನೆ ಬರುತ್ತದೆ, “ಯಾವೂರಪ್ಪಾ? ಯಾರ ಮನಿಗೆ ಬಂದಿ?”

“ಯಾರ ಮನಿಗೂ ಅಲ್ಲಜ್ಜಾ, ಹಂಗೇ ಸುಮ್ನೆ.”

“ಸುಮ್ನೆ ಯಾರಾದ್ರೂ ಪೆಟ್ರೋಲ್ ಸುಡ್ತಾರೇನು?”

ಆಮೇಲೆ ನನ್ನ ಬಗ್ಗೆ ಅವರವರಲ್ಲೇ ಪಂಚಾಯ್ತಿ. ಸಂಘದ ಸಾಲದ ಕಂತು ವಸೂಲಿಗೆ ಬಂದ ಫೈನಾನ್ಸಿನವನಿರಬೇಕು ಅಂತ ಒಬ್ಬರು. ಹಾಗೆ ಅಂದದ್ದೇ ತಡ, ಪಕ್ಕದ ಎರಡು ಮನೆ ಬಾಗಿಲು ಮುಚ್ಚುತ್ತವೆ. ಫ್ಯಾನಿನ ಕಂಪನಿಗೆ ಜಮೀನು ನೋಡುವವನು ಅಂತ ಇನ್ನೊಬ್ಬರು. ಗುಡ್ಡದ ನೆತ್ತಿಯ ಗಾಳಿಯಂತ್ರಕ್ಕೆ ಇಲ್ಲಿ ಫ್ಯಾನು ಅಂತಲೇ ಹೆಸರು. ಕನ್ಯೆ ನೋಡಲು ಬಂದಿರಬಹುದು ಅಂತ ಒಬ್ಬ ಅಜ್ಜಿ, ನನ್ನ ನರೆತ ತಲೆ ನೋಡಿ ತಾನೇ ಆ ಮಾತು ವಾಪಸ್ ತೆಗೆದುಕೊಳ್ಳುತ್ತಾಳೆ. ಇಷ್ಟಾದ ಮೇಲೆ ಚಹಾ ಬರುವುದು ಖಚಿತ.

ಫ್ಯಾನಿನವರಿಂದ ನನಗೊಂದು ಉಪಕಾರವಾಗಿದೆ. ಆ ದೈತ್ಯ ರೆಕ್ಕೆಗಳನ್ನು ಸಾಗಿಸಲು ಅವರು ಗುಡ್ಡದ ನೆತ್ತಿಗೆ ಗರಸಿನ ದಾರಿ ಕಡಿದಿದ್ದಾರೆ. ಕಾವಲುಗಾರ ಬಿಟ್ಟರೆ ಹತ್ತಬಹುದು. ಏರು ಕಡಿದಾದಲ್ಲಿ ಎಕ್ಸೆಲ್ ಕೆಮ್ಮುತ್ತದೆ. ಆಗ ಇಳಿದು, ಆಕ್ಸಲರೇಟರನ್ನು ತುಸುವೇ ತಿರುವಿ ಹಿಡಿದು, ಅದರ ಪಕ್ಕದಲ್ಲಿ ನಾನೂ ನಡೆಯುತ್ತೇನೆ. ಬುಲೆಟ್ಟಿನವರಿಗೆ ಈ ಸುಖ ಗೊತ್ತಿಲ್ಲ.

ದಾರಿಗಳಿಗೂ ಹಳೆಯ ನೆಂಟಸ್ತನಗಳಿರುತ್ತವೆ. ಕೂಡ್ಲಿಗಿ ತಾಲ್ಲೂಕಿನ ಜರಿಮಲೆಯಿಂದ ಕೊಟ್ಟೂರು ತಾಲ್ಲೂಕಿನ ಉಜ್ಜಿನಿಗೆ ಹೋಗುವುದು ಎಣ್ಣೆಯ ದಾರಿ. ಉಜ್ಜಿನಿ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ಜಾತ್ರೆಯಲ್ಲಿ ಎಣ್ಣೆ ಸುರಿಯುತ್ತಾರಲ್ಲ, ಆ ತೈಲ ಬರುವುದು ಜರಿಮಲೆ ಪಾಳೇಗಾರರ ಮನೆಯಿಂದ. ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಅನ್ನುವ ಗಾದೆ ಗೊತ್ತಿದ್ದವರು ಶಿಖರ ನೋಡಿ ಹೊರಗಿಂದಲೇ ಹಿಂತಿರುಗುವುದಿಲ್ಲ. ಒಳಗಿನ ಕಲ್ಲಿನ ಕೆತ್ತನೆ ನೋಡಿ ಕೊರಳು ನೋಯಿಸಿಕೊಂಡೇ ಹೊರಬರುತ್ತಾರೆ. ಅಲ್ಲಿಂದ ಕೊಟ್ಟೂರಿಗೆ ಬಂದು ಮಂಡಕ್ಕಿ, ಮಿರ್ಚಿ. ಇದರ ಬಗ್ಗೆ ವಿವರಣೆ ಬೇಡ, ಗೊತ್ತಿದ್ದವರಿಗೆ ಈಗಾಗಲೇ ಬಾಯಲ್ಲಿ ನೀರೂರಿರುತ್ತದೆ.

ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರ ಕೆರೆಯಲ್ಲಿ ಜಾಲಿಮರಗಳ ಮೇಲೆ ಕೊಕ್ಕರೆಗಳ ಸಂಸಾರ. ಹಡಗಲಿಗೆ ಮಲ್ಲಿಗೆಯ ಕಾಲದಲ್ಲಿ ನಸುಕಿಗೇ ಹೋಗಬೇಕು, ಬಿಸಿಲೇರಿದ ಮೇಲೆ ಹೋದವನಿಗೆ ಬರೀ ಗಿಡ. ಹರಪನಹಳ್ಳಿಯದು ಇನ್ನೊಂದು ಬಗೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸಾಯಿತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಅಲ್ಲಿಯ ಸಂತೆಯಲ್ಲಿ ಕೆಎ 17, ಕೆಎ 35 ಎರಡೂ ನಂಬರಿನ ಎಕ್ಸೆಲ್‌ಗಳು ಒಂದೇ ಹುಣಸೆಮರದ ನೆರಳಲ್ಲಿ ನಿಂತಿರುತ್ತವೆ. ಹತ್ತಿರದ ಬಾಗಳಿಯ ಕಲ್ಲೇಶ್ವರ ಮಾತ್ರ, ಕ್ರಿ.ಶ. 987ರ ಚಾಲುಕ್ಯರ ಕಾಲದಿಂದಲೂ, ಯಾವ ಜಿಲ್ಲೆಗೆ ಸೇರಿದರೂ ತನಗೇನು ಅಂತ ಕೆರೆಯ ಪಕ್ಕದಲ್ಲಿ ಕೂತಿದ್ದಾನೆ.

ಆ ಸೀಮೆಯಲ್ಲೇ ಒಮ್ಮೆ ಒಬ್ಬ ಯಜಮಾನರು ಕೈ ಅಡ್ಡ ಹಿಡಿದರು. “ಉಚ್ಚಂಗಿದುರ್ಗಕ್ಕಾ? ಹತ್ತಿರದ ದಾರಿ ತೋರಿಸ್ತೀನಿ ನಡಿ” ಅಂತ ಹಿಂದೆ ಕೂತರು. ಡಾಂಬರಿನಿಂದ ಬಂಡಿದಾರಿಗೆ, ಬಂಡಿದಾರಿಯಿಂದ ಕಾಲುದಾರಿಗೆ, ಅಲ್ಲಿಂದ ಮೆಕ್ಕೆಜೋಳದ ನಡುವೆ ನುಗ್ಗಿಸಿದರು. ದಾರಿ ಒಂದು ಬೋರ್‌ವೆಲ್ ಮುಂದೆ ಮುಗಿಯಿತು. ಅವರು ಇಳಿದರು.

“ಯಜಮಾನ್ರೇ, ದುರ್ಗದ ದಾರಿ?”

“ಅಗಾ ಕಾಣ್ತೈತಲ್ಲ ಗುಡ್ಡ, ಅದೇ ದುರ್ಗ. ಕಣ್ಣಿಗೆ ಕಾಣೋ ಊರಿಗೆ ದಾರಿ ಕೇಳ್ತಾರೇನಪ್ಪಾ?” ಅಂದವರೇ, ತ್ರೀ ಫೇಸ್ ಕರೆಂಟು ಬರುವ ಹೊತ್ತಾಯಿತೆಂದು ಮೋಟರು ಚಾಲೂ ಮಾಡಲು ಹೋದರು. ನಾನು ಬದುವಿನ ಮೇಲೆ ಎಕ್ಸೆಲ್ ತಳ್ಳಿಕೊಂಡು ಗುಡ್ಡದ ಕಡೆ ಹೊರಟೆ.