ಕಟ್ ಹಿಲ್ ಎಂಬ ಚಪ್ಪಟೆ ಬೆಟ್ಟ

ನಮ್ಮ ಕಡೆ ಬೆಟ್ಟವೆಂದರೆ ಮೇಲೊಬ್ಬ ದೇವರು ಇರಲೇಬೇಕು. ದೇವರಿದ್ದಲ್ಲಿ ಮೆಟ್ಟಿಲು, ಮೆಟ್ಟಿಲಿದ್ದಲ್ಲಿ ಮಜ್ಜಿಗೆ, ಉಪ್ಪುಖಾರ ಸವರಿದ ಸೌತೆಕಾಯಿ. ಇಂಗ್ಲೆಂಡಿನ ಡೆವನ್‌ನಲ್ಲಿ, ಡಾರ್ಟ್‌ಮೂರ್‌ನ ನಡುಬಯಲಿನಲ್ಲಿರುವ ಕಟ್ ಹಿಲ್‌ನಲ್ಲಿ ಇವೊಂದೂ ಇಲ್ಲ. ಎತ್ತರ 603 ಮೀಟರ್. ಯಾವ ರಸ್ತೆಯಿಂದ ಹೊರಟರೂ ತಾಸುಗಟ್ಟಲೆ ನಡಿಗೆ. ಸುತ್ತಿನ ಬಹುಪಾಲು ನೆಲ ಸೇನೆಯವರು ಗುಂಡು ಹಾರಿಸಿ ಕಲಿಯುವ ಜಾಗ. ಕೆಂಪು ಬಾವುಟ ಏರಿದ ದಿನ ಒಳಗೆ ಕಾಲಿಡುವಂತಿಲ್ಲ. ಹಾಗಾಗಿ ಅಲ್ಲಿಗೆ ಹೋಗುವವರು ಒಂದೋ ನಕ್ಷೆಯ ಹುಚ್ಚಿನವರು, ಇಲ್ಲವೇ ಅಂಥವರ ಭಾವಮೈದುನರು. ನಾನು ಎರಡನೆಯ ಜಾತಿ.

ಏರು ಎಲ್ಲಿ ಶುರುವಾಯಿತೆಂದೇ ತಿಳಿಯಲಿಲ್ಲ. ನೆನೆದ ಹಾಸಿಗೆಯ ಮೇಲೆ ನಡೆದ ಹಾಗೆ ಹೆಜ್ಜೆ ಹೆಜ್ಜೆಗೂ ಕಾಲು ಕುಸಿಯುತ್ತದೆ. ಅಡಿಯಲ್ಲಿರುವುದು ಪೀಟ್: ಸತ್ತ ಪಾಚಿ, ಹುಲ್ಲು ನೀರಲ್ಲಿ ಮುಳುಗಿ, ಗಾಳಿ ಸಿಗದೆ, ಪೂರ್ತಿ ಕೊಳೆಯಲೂ ಆಗದೆ ಸಾವಿರಾರು ವರ್ಷ ಪದರ ಪದರವಾಗಿ ಕೂತದ್ದು. ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಬೆಳೆದರೆ ಅದೇ ದೊಡ್ಡದು. ಕೊರಕಲಿನ ಗೋಡೆಯಿಂದ ಚೂರು ಕಿತ್ತು ಬೆರಳಲ್ಲಿ ಹೊಸಕಿದೆ. ಕಪ್ಪಗೆ, ನುಣ್ಣಗೆ ಇತ್ತು. ನಡುವೆ ಕೂದಲೆಳೆಯಷ್ಟು ಸಣ್ಣ ಬೇರುಗಳು ಇನ್ನೂ ಬೇರಾಗಿಯೇ ಉಳಿದಿದ್ದವು. ಹಿಂಡಿದರೆ ಕಂದು ನೀರು ಮಣಿಕಟ್ಟಿಗಿಳಿಯಿತು.

ಇಂಥ ನೆಲದಲ್ಲಿ ಕುದುರೆ ಹೂತುಕೊಂಡರೆ ಮುಗಿಯಿತು. ಅದಕ್ಕೇ ಫ್ರಾಂಕ್ ಫಿಲ್‌ಪಾಟ್ಸ್ ಎಂಬಾತ ದನಗಾಹಿಗಳಿಗೂ ಬೇಟೆಗಾರರಿಗೂ ಅನುಕೂಲವಾಗಲೆಂದು ಪೀಟನ್ನು ಗಟ್ಟಿ ನೆಲದವರೆಗೆ ಕಡಿಸಿ ಓಣಿಗಳನ್ನು ಮಾಡಿಸಿದ. 1909ರಲ್ಲಿ ಆತ ತೀರಿಕೊಂಡ ಮೇಲೆ ಅವನ ಸಹೋದರ ಮತ್ತು ಮಗ ಓಣಿಗಳ ಬಾಯಲ್ಲಿ ಅವನ ಹೆಸರಿನ ಕಲ್ಲು ನೆಟ್ಟರು. ಬೆಟ್ಟ ಗೆದ್ದೆವೆಂದು ಬಾವುಟ ನೆಟ್ಟವರಿಗಿಂತ ಈ ಕೆಸರು ಕಡಿಸಿದವನೇ ನನಗೆ ದೊಡ್ಡವನಾಗಿ ಕಾಣುತ್ತಾನೆ.

"ಭಾವ, ತುದಿ ಎಲ್ಲಿ?"

"ಅದರ ಮೇಲೇ ನಿಂತಿದ್ದೀಯಲ್ಲೋ!"

ಈ ಚಪ್ಪಟೆಯಲ್ಲೂ ಒಂದು ಕಲ್ಲಿನ ಸಾಲಿದೆ, ಕಲ್ಲುಗಳೆಲ್ಲ ಅಡ್ಡ ಮಲಗಿವೆ. 2004ರವರೆಗೆ ಯಾರೂ ಅದನ್ನು ಗುರುತಿಸಿರಲಿಲ್ಲ. ಒಂದು ಕಲ್ಲಿನ ಅಡಿಯ, ಮೇಲಿನ ಪೀಟನ್ನು ಇಂಗಾಲದ ಪರೀಕ್ಷೆಗೆ ಕೊಟ್ಟಾಗ ಸಾಲಿಗೆ 4000 ವರ್ಷಕ್ಕೂ ಮೀರಿದ ವಯಸ್ಸೆಂದು ತಿಳಿಯಿತು. ಅಷ್ಟು ದೂರದವರೆಗೆ ಕಲ್ಲು ಹೊತ್ತವರಿಗೆ ಏನೋ ಕಾರಣ ಇದ್ದೇ ಇರಬೇಕು. ನಮಗಂತೂ ಇರಲಿಲ್ಲ, ಸುಮ್ಮನೆ ಬಂದಿದ್ದೆವು, ಅದರಲ್ಲೇ ಖುಷಿಯಿತ್ತು.

ಆಚೆ ಫರ್ ಟಾರ್‌ನ ಬಂಡೆಗಳು ಕಾಣುತ್ತಿದ್ದವು. ಫೋಟೊಗೆ ಅದೇ ಚೆಂದ. ಅಲ್ಲಿಗೂ ಹೋಗಿಬಿಡೋಣ ಎಂದು ಭಾವ ನಕ್ಷೆ ಬಿಡಿಸಿದರು. ಬುತ್ತಿ ಖಾಲಿಯಾಗುವವರೆಗೆ ಆ ಮಾತು ಎತ್ತಬೇಡಿ ಎಂದು ಚಿತ್ರಾನ್ನದ ಡಬ್ಬಿಯನ್ನು ಆ ನಕ್ಷೆಯ ಮೇಲೆಯೇ ಇಟ್ಟೆ.