ಎರಡು ಕೋಲಾರ
ವಿಂಡೋಸ್ ಸರ್ವರ್ ನೋಡಿಕೊಂಡಿದ್ದವರು ಲಿನಕ್ಸ್‌ಗೆ ಬಂದಾಗ ಎಡವುವುದು ಹೆಚ್ಚಾಗಿ ಫೈಲಿನ ಹೆಸರಲ್ಲೇ. ಇಂಗ್ಲಿಷಿನ ದೊಡ್ಡ 'ಕೆ'ಯ ಕೋಲಾರ, ಚಿಕ್ಕ 'ಕೆ'ಯ ಕೋಲಾರ ವಿಂಡೋಸ್‌ಗೆ ಒಂದೇ. ಲಿನಕ್ಸ್‌ಗೆ ಎರಡು ಬೇರೆ ಫೈಲು. ಈ ಎರಡು ವ್ಯವಸ್ಥೆಗಳ ನಡುವೆ ರಾಜಿ ಮಾಡಿಸುವುದು ಸಾಂಬಾ. (ಸಾರಿನದ್ದಲ್ಲ, 1992ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಶುರು ಮಾಡಿದ ತಂತ್ರಾಂಶ.)

ಕನ್ನಡದಲ್ಲೇ ಹೆಸರಿಟ್ಟರೆ ದೊಡ್ಡಕ್ಷರದ ತಂಟೆಯಿಲ್ಲ. ಆದರೆ ಯುನಿಕೋಡ್‌ನಲ್ಲಿ 'ಕೋ' ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಬಿಡಿಸಿ ಮೂರಾಗಿಯೂ ಇಡಬಹುದು. ಕಣ್ಣಿಗೆ ಒಂದೇ ಕೋಲಾರ, ಲಿನಕ್ಸ್‌ಗೆ ಎರಡು. ಈ ವಿಷಯದಲ್ಲಿ ವಿಂಡೋಸೂ ಅಷ್ಟೇ ಬಿಡಿ. 'ಶ್ರೀ' ಇರುವುದರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿಗೂ ಇದೇ ಕಾಟ. ಮಾಲೂರು, ಮುಳಬಾಗಿಲು ಬಚಾವು. ಬ್ಯಾಕಪ್ ಸ್ಕ್ರಿಪ್ಟ್ ಬರೆಯುವವರು ತಾಲ್ಲೂಕುವಾರು ಫೋಲ್ಡರ್‌ಗಳನ್ನು ಒಮ್ಮೆ ನೋಡಿಕೊಳ್ಳಿ.